ನಕ್ಷೆಯ ದೂರ, ಗಡಿಯಾರದ ದೂರ

ಎರಡು ನಗರಗಳ ನಡುವಣ ದೂರ ಭೂಗೋಳದ ವಿಷಯವೆಂಬುದು ಸಾಮಾನ್ಯ ತಿಳಿವಳಿಕೆ. ಆಡಳಿತದಲ್ಲಿ ವೃತ್ತಿಜೀವನ ಕಳೆದ ನನಗೆ ಅದು ರಾಜಕಾರಣದ ವಿಷಯವೂ ಹೌದೆನಿಸುತ್ತದೆ. ಹೆಲ್ಸಿಂಕಿ ಮತ್ತು ಟೋಕಿಯೊ ನಗರಗಳನ್ನೇ ನೋಡಿ. ನೇರ ಅಂತರ ಸುಮಾರು 7,800 ಕಿ.ಮೀ. ಆದರೆ 1983ರಲ್ಲಿ ಫಿನ್‌ಏರ್ ಸಂಸ್ಥೆ ತಡೆರಹಿತ ಸೇವೆ ಆರಂಭಿಸಿದಾಗ, ಸೋವಿಯತ್ ಆಕಾಶವನ್ನು ತಪ್ಪಿಸಿ ಉತ್ತರ ಧ್ರುವದ ಮಾರ್ಗವಾಗಿ ಸುಮಾರು 13 ಗಂಟೆ ಹಾರಬೇಕಿತ್ತು. ಶೀತಲ ಸಮರ ಮುಗಿದು ಸೈಬೀರಿಯದ ದಾರಿ ತೆರೆದ ಮೇಲೆ ಪ್ರಯಾಣ ಒಂಬತ್ತೂವರೆ ಗಂಟೆಗೆ ಇಳಿಯಿತು. ಏಷ್ಯಾಕ್ಕೆ ಈ ಹತ್ತಿರದ ದಾರಿಯನ್ನೇ ಬಂಡವಾಳವಾಗಿಸಿಕೊಂಡು ಸಂಸ್ಥೆ ಬೆಳೆಯಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾಗಿ, ಐರೋಪ್ಯ ನಿರ್ಬಂಧಗಳಿಗೆ ಪ್ರತಿಯಾಗಿ ರಷ್ಯಾ ತನ್ನ ವಾಯುಪ್ರದೇಶ ಮುಚ್ಚಿತು. ಪ್ರಯಾಣ ಮತ್ತೆ 13 ಗಂಟೆಯಾಯಿತು! ಸೈಬೀರಿಯದ ದಾರಿ ತೆರೆದು ಉಳಿದಿದ್ದ ಸಮಯವನ್ನು ಯುದ್ಧ ಕೆಲವೇ ದಿನಗಳಲ್ಲಿ ಕಸಿದುಕೊಂಡಿತು.

ನಮಗೂ ಇದು ಹೊಸತಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ಭಾರತೀಯ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿದಾಗ, ದೆಹಲಿಯಿಂದ ಯುರೋಪ್, ಅಮೆರಿಕಗಳಿಗೆ ಹೊರಟ ನಮ್ಮ ವಿಮಾನಗಳೂ ಸುತ್ತುದಾರಿ ಹಿಡಿದವು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಸಂಘರ್ಷದ ವೆಚ್ಚವನ್ನು ರಕ್ಷಣಾ ಬಜೆಟ್ಟಿನಲ್ಲಿ ಮಾತ್ರ ಹುಡುಕುವುದು ಅಪೂರ್ಣ ಲೆಕ್ಕ. ಹೆಚ್ಚುವರಿ ಇಂಧನದಲ್ಲಿ, ದುಬಾರಿ ಟಿಕೆಟ್ಟಿನಲ್ಲಿ, ಮಗಳ ಮನೆ ತಲುಪಲು ಹಿಡಿಯುವ ಅಧಿಕ ಗಂಟೆಗಳಲ್ಲಿ ಅದರ ಪಾಲನ್ನು ಸಾಮಾನ್ಯ ಪ್ರಯಾಣಿಕನೂ ತೆರುತ್ತಾನೆ.