ಬೆಕ್ಕಿನ ಮರಿಯ ಹೊಟ್ಟೆಹುಳುವಿಗೆ ಬೆಳ್ಳುಳ್ಳಿ ಮದ್ದೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ಬೆಕ್ಕಿನ ಮರಿ ಹೊಟ್ಟೆ ಊದಿಸಿಕೊಂಡು ಸೊರಗಿದ್ದರೆ ಡಾಕ್ಟರ್ ಬೇಕಿಲ್ಲ. ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಲಿನಲ್ಲಿ ಬೆರೆಸಿ ಮೂರು ದಿನ ಕುಡಿಸಿ, ಹುಳುಗಳೆಲ್ಲ ಹೊರಬರುತ್ತವೆ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ."

ಈ ಸಂದೇಶವನ್ನು ಓದುಗರೊಬ್ಬರು ನಮಗೆ ಕಳುಹಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರ ಮನೆಯಲ್ಲಿ ಆರು ವಾರದ ಮರಿಯೊಂದಿದೆಯಂತೆ. ಆದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ: ಇದು ಸುಳ್ಳು, ಜೊತೆಗೆ ಅಪಾಯಕಾರಿ. ಬೆಳ್ಳುಳ್ಳಿ ಕೊಡಬೇಡಿ.

ಬೆಳ್ಳುಳ್ಳಿಯಲ್ಲಿ ಏನು ತೊಂದರೆ?

ನಮಗೆ ಒಗ್ಗರಣೆಗೆ ಬೇಕೇಬೇಕು ಎನಿಸುವ ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿಗೆ ವಿಷ. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣಗಳೊಳಗಿನ ಹಿಮೋಗ್ಲೋಬಿನ್ ಅನ್ನು ಹಾಳುಮಾಡುತ್ತವೆ. ಬೆಕ್ಕಿನ ಹಿಮೋಗ್ಲೋಬಿನ್‌ಗೆ ಈ ದಾಳಿಯನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಹಾಳಾದ ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಇದು ಕೊಟ್ಟ ದಿನವೇ ಕಾಣಿಸುವುದಿಲ್ಲ, ಕೆಲವು ದಿನ ಬಿಟ್ಟು ಕಾಣಿಸುತ್ತದೆ. ಹಾಗಾಗಿ ಮರಿ ಮಂಕಾದಾಗ ಯಾರೂ ಬೆಳ್ಳುಳ್ಳಿಯನ್ನು ಅನುಮಾನಿಸುವುದಿಲ್ಲ, "ಹುಳು ಜಾಸ್ತಿಯಾಗಿತ್ತು ಪಾಪ" ಎಂದುಕೊಳ್ಳುತ್ತಾರೆ.

ಮರಿಗಳಲ್ಲಿ ಕಾಣುವ ಕೊಕ್ಕೆಹುಳು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅಂದರೆ ಮರಿಗೆ ಆಗಲೇ ರಕ್ತ ಕಡಿಮೆಯಾಗಿರಬಹುದು. ಅಂಥ ಮರಿಗೆ ಉಳಿದ ರಕ್ತಕಣಗಳನ್ನೂ ಒಡೆಯುವ ಪದಾರ್ಥವನ್ನು ಮದ್ದೆಂದು ಕುಡಿಸಿದರೆ ಏನಾಗಬಹುದು, ಯೋಚಿಸಿ.

"ಆದರೆ ನಮ್ಮ ಮನೆಯಲ್ಲಿ ಹುಳು ಹೊರಗೆ ಬಂತಲ್ಲ?" ಎಂದು ಕೆಲವರು ಕೇಳುತ್ತಾರೆ. ದುಂಡುಹುಳುಗಳು ಹೆಚ್ಚಾದಾಗ ಯಾವ ಮದ್ದೂ ಇಲ್ಲದೆ ವಾಂತಿಯಲ್ಲೋ ಮಲದಲ್ಲೋ ಒಂದೆರಡು ಹೊರಬರುವುದುಂಟು. ಅದಕ್ಕೆ ಹಿಂದಿನ ದಿನ ಬೆಳ್ಳುಳ್ಳಿ ಕೊಟ್ಟಿದ್ದರೆ ಹೆಸರು ಬೆಳ್ಳುಳ್ಳಿಗೆ.

ಸಂದೇಶದಲ್ಲಿರುವ ಹಾಲೂ ಒಳ್ಳೆಯದಲ್ಲ. ಹಸುವಿನ ಹಾಲಿನ ಲ್ಯಾಕ್ಟೋಸ್ ಅನೇಕ ಬೆಕ್ಕುಗಳಿಗೆ ಜೀರ್ಣವಾಗದೆ ಭೇದಿಯಾಗುತ್ತದೆ.

ಮನೆಯೊಳಗೇ ಇರುವ ಮರಿಗೆ ಹುಳು ಎಲ್ಲಿಂದ ಬಂತು?

ಹೆಚ್ಚಾಗಿ ತಾಯಿಯಿಂದ. ಟೊಕ್ಸೊಕಾರ ಕ್ಯಾಟಿ ಎಂಬ ದುಂಡುಹುಳುವಿನ ಮರಿಹುಳುಗಳು ತಾಯಿಯ ಹಾಲಿನ ಮೂಲಕವೇ ಮರಿಯ ಹೊಟ್ಟೆ ಸೇರುತ್ತವೆ. ಆದ್ದರಿಂದ "ನಮ್ಮ ಮರಿ ಹೊರಗೆ ಕಾಲೇ ಇಟ್ಟಿಲ್ಲ" ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡದಾದ ಮೇಲೆ ಮಣ್ಣಿನಲ್ಲಿರುವ ಮೊಟ್ಟೆಗಳಿಂದ, ಬೇಟೆಯಾಡಿದ ಇಲಿಗಳಿಂದಲೂ ಬರುತ್ತದೆ. ಬೆಲ್ಲ ತಿಂದರೆ ಹೊಟ್ಟೆಯಲ್ಲಿ ಹುಳು ಹುಟ್ಟುತ್ತದೆ ಎಂದು ಚಿಕ್ಕಂದಿನಲ್ಲಿ ನಾವೆಲ್ಲ ಬೈಸಿಕೊಂಡವರೇ. ಆದರೆ ಬೆಲ್ಲದಿಂದಾಗಲಿ ಹಾಲಿನಿಂದಾಗಲಿ ಹುಳು ತಾನಾಗಿ ಹುಟ್ಟುವುದಿಲ್ಲ. ಮೊಟ್ಟೆಯೋ ಮರಿಹುಳುವೋ ಒಳಗೆ ಹೋಗಲೇಬೇಕು.

ಗುರುತಿಸುವುದು ಹೇಗೆ?

ಮೈಯೆಲ್ಲ ಬಡಕಲು, ಹೊಟ್ಟೆ ಮಾತ್ರ ಗುಂಡಗೆ. ಇದು ದುಂಡುಹುಳುವಿನ ಸಾಮಾನ್ಯ ಚಿತ್ರ. ಚೆನ್ನಾಗಿ ತಿಂದರೂ ತೂಕ ಏರುವುದಿಲ್ಲ, ತುಪ್ಪಳಕ್ಕೆ ಹೊಳಪಿರುವುದಿಲ್ಲ, ಆಗಾಗ ವಾಂತಿ ಅಥವಾ ಭೇದಿ. ಹೊರಬಂದ ಹುಳು ಬೇಯಿಸಿದ ಶ್ಯಾವಿಗೆ ಎಳೆಯಂತೆ ಬಿಳಿಯಾಗಿ, ಕೆಲವು ಸೆಂಟಿಮೀಟರ್ ಉದ್ದ ಇರುತ್ತದೆ.

ಬಾಲದ ಕೆಳಗೆ ಅಥವಾ ಮಲಗುವ ಬಟ್ಟೆಯ ಮೇಲೆ ಅಕ್ಕಿಕಾಳಿನಂಥವು ಅಂಟಿಕೊಂಡಿದ್ದರೆ ಅದು ಲಾಡಿಹುಳುವಿನ ತುಂಡು. ಹಸಿಯಾಗಿದ್ದಾಗ ಮೆಲ್ಲಗೆ ಅಲುಗಾಡುತ್ತದೆ, ಒಣಗಿದರೆ ಎಳ್ಳಿನಂತೆ ಕಾಣುತ್ತದೆ. ಸಾಮಾನ್ಯ ಲಾಡಿಹುಳು ಬರುವುದು ಚಿಗಟದಿಂದ. ಮರಿ ಮೈ ನೆಕ್ಕಿಕೊಳ್ಳುವಾಗ ಚಿಗಟವನ್ನು ನುಂಗಿದರೆ ಅದರೊಳಗಿನ ಮರಿಹುಳು ಕರುಳು ಸೇರುತ್ತದೆ. ಹುಳುವಿಗೆ ಮದ್ದು ಕೊಟ್ಟು ಚಿಗಟವನ್ನು ಹಾಗೇ ಬಿಟ್ಟರೆ ಮತ್ತೆ ಬರುತ್ತದೆ. ಹಾಗೆಂದು ನಾಯಿಯ ಚಿಗಟದ ಔಷಧಿ ಹಚ್ಚಬೇಡಿ, ಅವುಗಳಲ್ಲಿ ಅನೇಕದರಲ್ಲಿರುವ ಪರ್ಮೆಥ್ರಿನ್ ಬೆಕ್ಕಿನ ಜೀವ ತೆಗೆಯಬಲ್ಲದು.

ಕೊಕ್ಕೆಹುಳು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ನೋಡಬೇಕಾದದ್ದು ಒಸಡು. ತುಟಿ ಎತ್ತಿ ನೋಡಿ: ತಿಳಿಗುಲಾಬಿ ಇರಬೇಕಾದ ಒಸಡು ಬಿಳಚಿಕೊಂಡಿದ್ದರೆ, ಮಲ ಡಾಂಬರಿನಂತೆ ಕಪ್ಪಗಿದ್ದರೆ, ಮರಿ ಎದ್ದು ಓಡಾಡದಿದ್ದರೆ ಅಂದೇ ಪಶುವೈದ್ಯರ ಬಳಿ ಒಯ್ಯಿರಿ. ಅರ್ಧ ಕಿಲೋ ತೂಗುವ ಜೀವಕ್ಕೆ ಕಳೆದುಕೊಳ್ಳಲು ಹೆಚ್ಚು ರಕ್ತವಿರುವುದಿಲ್ಲ.

ಹುಳುವೇ ಅಲ್ಲದ ಪರಾವಲಂಬಿಗಳೂ ಇವೆ. ಜಿಯಾರ್ಡಿಯಾ, ಕಾಕ್ಸಿಡಿಯಾ ಎಂಬ ಏಕಕೋಶ ಜೀವಿಗಳು ಬಿಡದ ಭೇದಿ ತರುತ್ತವೆ. ಇವಕ್ಕೆ ಸಾಮಾನ್ಯ ಜಂತುಹುಳು ಔಷಧಿ ಸಾಲದು. ಹೀಗಾಗಿ ಮರಿಯ ಜೊತೆಗೆ ಅಂದಿನದೇ ಮಲವನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿ. ಮುಜುಗರ ಬೇಡ, ಮೈಕ್ರೋಸ್ಕೋಪ್‌ನಲ್ಲಿ ಮೊಟ್ಟೆ ಕಂಡರೆ ಯಾವ ಔಷಧಿ ಎಂಬುದು ಅರ್ಧ ನಿರ್ಧಾರವಾದಂತೆ.

ಮಕ್ಕಳ ಹುಳುವಿನ ಮಾತ್ರೆ ಕೊಡಬಹುದೇ?

ಇದು ನಮಗೆ ಬಂದ ಇನ್ನೊಂದು ಪ್ರಶ್ನೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ 400 ಮಿಲಿಗ್ರಾಂನದು. ಇಪ್ಪತ್ತು ಕಿಲೋ ತೂಗುವ ಮಗುವಿಗೆ ಅದು ಕಿಲೋಗೆ 20 ಮಿಲಿಗ್ರಾಂ ಆಯಿತು. ಅರ್ಧ ಕಿಲೋ ಮರಿಗೆ "ಅರ್ಧ ಮಾತ್ರೆ ತಾನೇ" ಎಂದು ಕೊಟ್ಟರೂ ಕಿಲೋಗೆ 400 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು. ಅಲ್ಬೆಂಡಜೋಲ್ ಬೆಕ್ಕುಗಳ ಅಸ್ಥಿಮಜ್ಜೆಗೆ, ಅಂದರೆ ರಕ್ತ ತಯಾರಾಗುವ ಜಾಗಕ್ಕೇ ಹಾನಿ ಮಾಡಬಲ್ಲದು. ಬೇಡವೇ ಬೇಡ.

ಪಶುವೈದ್ಯರು ಸಾಮಾನ್ಯವಾಗಿ ಪೈರಾಂಟೆಲ್ ಅಥವಾ ಫೆನ್‌ಬೆಂಡಜೋಲ್, ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಕೊಡುತ್ತಾರೆ. ಎಲ್ಲವೂ ತೂಕದ ಲೆಕ್ಕದಲ್ಲಿ, ಆದ್ದರಿಂದ ಮರಿಯನ್ನು ಮೊದಲು ತಕ್ಕಡಿಯ ಮೇಲೆ ಕೂರಿಸುತ್ತಾರೆ. ಮೂರು ವಾರದ ವಯಸ್ಸಿನಿಂದಲೇ ಶುರುಮಾಡಿ, ಹಾಲು ಬಿಡುವವರೆಗೆ ಎರಡು ವಾರಕ್ಕೊಮ್ಮೆ, ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ರೂಢಿ. ಒಂದೇ ಸಲ ಏಕೆ ಸಾಲದೆಂದರೆ, ಔಷಧಿ ಮುಖ್ಯವಾಗಿ ಕರುಳಿನಲ್ಲಿರುವ ಹುಳುಗಳನ್ನು ಹೊರಹಾಕುತ್ತದೆ. ಯಕೃತ್ತು, ಶ್ವಾಸಕೋಶಗಳಲ್ಲಿ ಸುತ್ತಾಡುತ್ತಿರುವ ಮರಿಹುಳುಗಳು ವಾರಗಳ ನಂತರ ಕರುಳಿಗೆ ಬಂದಿಳಿಯುತ್ತವೆ, ಅವಕ್ಕೆ ಮುಂದಿನ ಡೋಸ್. ತಾಯಿ ಬೆಕ್ಕಿಗೂ ಜೊತೆಯಲ್ಲೇ ಕೊಡಿಸಬೇಕು. ಔಷಧಿ ಕೊಟ್ಟ ಮರುದಿನ ಮಲದಲ್ಲಿ ಹುಳುಗಳು ಕಂಡರೆ ಗಾಬರಿಯಾಗಬೇಡಿ, ಅದು ಕೆಲಸ ಮಾಡಿದೆ ಎಂದರ್ಥ.

ಮನೆಯವರಿಗೆ ಹರಡುತ್ತದೆಯೇ?

ಹರಡಬಹುದು, ಆದರೆ "ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಹುಳು" ಎನ್ನುವ ರೀತಿಯಲ್ಲಲ್ಲ. ದುಂಡುಹುಳುವಿನ ಮೊಟ್ಟೆ ಮಲದೊಂದಿಗೆ ಹೊರಬಿದ್ದ ಕೂಡಲೇ ಸೋಂಕು ತರುವುದಿಲ್ಲ, ಅದು ಬಲಿಯಲು ಕೆಲವು ವಾರಗಳು ಬೇಕು. ಅಪಾಯವಿರುವುದು ತಿಂಗಳುಗಟ್ಟಲೆ ಬೆಕ್ಕು ಮಲ ಮಾಡಿದ ಮಣ್ಣಿನಲ್ಲಿ, ಮರಳಿನ ರಾಶಿಯಲ್ಲಿ. ಅಲ್ಲಿ ಆಡಿದ ಮಕ್ಕಳು ಕೈ ತೊಳೆಯದೆ ಬಾಯಿಗಿಟ್ಟರೆ ಮರಿಹುಳುಗಳು ದೇಹದೊಳಗೆ ಅಲೆದು, ಅಪರೂಪಕ್ಕೆ ಕಣ್ಣಿಗೂ ಹಾನಿ ಮಾಡುತ್ತವೆ. ಮರಿಯ ಮಲವನ್ನು ದಿನವೂ ತೆಗೆದು ಕಸಕ್ಕೆ ಹಾಕಿದರೆ ಮೊಟ್ಟೆಗಳಿಗೆ ಬಲಿಯುವ ಸಮಯವೇ ಸಿಗುವುದಿಲ್ಲ. ಮನೆ ಕಟ್ಟಲು ಅಂಗಳದಲ್ಲಿ ಮರಳು ಸುರಿಸಿದ್ದರೆ ಅದಕ್ಕೊಂದು ಟಾರ್ಪಾಲು ಹೊದಿಸಿ.