ಘಟ್ಟವಿಳಿಯುವ ಗಾಡಿಗೆ ಎಂಥ ಗೇರ್‌ಬಾಕ್ಸ್?

ಧರ್ಮಪುರಿಯ ಎತ್ತರದ ಬಯಲಿನಿಂದ ಸೇಲಮ್ಮಿನ ತಗ್ಗಿಗೆ ಇಳಿಯುವ ಹಾದಿಯಲ್ಲಿ ತೊಪ್ಪೂರಿನ ಕಣಿವೆಯಿದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಮೈಸೂರಿನ ಆಳ್ವಿಕೆಗೆ ಒಳಪಟ್ಟಿದ್ದ ಬಾರಾಮಹಲ್ ಸೀಮೆಯ ಈ ದಾರಿಯಲ್ಲಿ ಇಂದು 44ನೆಯ ರಾಷ್ಟ್ರೀಯ ಹೆದ್ದಾರಿಯ ಭಾರಿ ಲಾರಿಗಳೊಡನೆ, ಪಾಲಕ್ಕೋಡಿನ ಟೊಮೆಟೊ, ಕೃಷ್ಣಗಿರಿಯ ಮಾವು ಮೊದಲಾದ ಸರಕನ್ನು ಹೊತ್ತ ಪಿಕಪ್ ಗಾಡಿಗಳೂ ಹಗಲಿರುಳೆನ್ನದೆ ಇಳಿಯುತ್ತಿರುವುವು. ಸಮುದ್ರಮಟ್ಟದಿಂದ ಧರ್ಮಪುರಿಯ ಎತ್ತರ ಸುಮಾರು 460 ಮೀಟರು, ಸೇಲಮ್ಮಿನದು ಸುಮಾರು 280. ಈ ಅಂತರದಲ್ಲೊಂದು ಪಾಲನ್ನು ಕೆಲವೇ ಮೈಲಿಗಳಲ್ಲಿ ಕಳೆದುಕೊಳ್ಳುವ ಈ ಇಳಿಜಾರಿನಲ್ಲಿ ಆಗಿರುವ ಅಪಘಾತಗಳ ಸುದ್ದಿಯನ್ನು ಓದದ ವರ್ಷವೇ ಇಲ್ಲ.

ಈ ಸೀಮೆಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಪಿಕಪ್ ಗಾಡಿಯ ಗೇರ್‌ಬಾಕ್ಸ್ ಸವೆದು ಕೂಗತೊಡಗಿದಾಗ, ಹಾಕಿದ ಗೇರು ತಾನಾಗಿ ಕಳಚಿಕೊಳ್ಳತೊಡಗಿದಾಗ, ಅದರ ಬದಲಿಗೆ ಏನನ್ನು ಕೂಡಿಸುವುದೆಂಬ ಪ್ರಶ್ನೆ ಮಾಲೀಕನ ಮುಂದೆ ನಿಲ್ಲುತ್ತದೆ. ಮೊಣಕಾಲು ನೋವಿನಿಂದ ಕ್ಲಚ್ಚು ತುಳಿಯಲಾರದವರು, ಅಪಘಾತದಲ್ಲಿ ಜಖಂಗೊಂಡು ಗುಜರಿಗೆ ಬಂದ ಯಾವುದಾದರೊಂದು ಆಟೊಮ್ಯಾಟಿಕ್ ವಾಹನದ ಗೇರ್‌ಬಾಕ್ಸನ್ನು ತಂದು ಕೂಡಿಸಬಾರದೇಕೆ ಎಂದೂ ಕೇಳುವುದುಂಟು. ನಮ್ಮ ದೇಶದಲ್ಲಿ ಆಟೊಮ್ಯಾಟಿಕ್ ಪಿಕಪ್ಪುಗಳು ಈಚಿನವು: ಇಸುಜು ವಿ-ಕ್ರಾಸ್ 2019ರಲ್ಲಿಯೂ ಟೊಯೋಟ ಹೈಲಕ್ಸ್ 2022ರಲ್ಲಿಯೂ ಅಂತಹ ರೂಪದಲ್ಲಿ ಬಂದವು. ಆದುದರಿಂದ ಸೇಲಂ, ಸಂಕಗಿರಿಗಳ ಮೆಕ್ಯಾನಿಕ್ ಅಂಗಡಿಗಳಿಗೆ ಬರುವ ಹಳೆಯ ಪಿಕಪ್ಪುಗಳು ಬಹುಮಟ್ಟಿಗೆ ಕ್ಲಚ್ಚಿನವೇ. ಪ್ರಶ್ನೆಯೇನೋ ನ್ಯಾಯವಾದುದೇ, ಆದರೆ ಅದಕ್ಕೆ ಉತ್ತರ ಹೇಳಬೇಕಾದುದು ಏರಲ್ಲ, ಇಳಿತ.

ಲೆಕ್ಕವನ್ನು ನೋಡೋಣ. ಸರಕು ಸಹಿತವಾಗಿ 3,000 ಕಿಲೋಗ್ರಾಂ ತೂಗುವ ಗಾಡಿಯೊಂದು 180 ಮೀಟರು ಕೆಳಗಿಳಿದರೆ ಸುಮಾರು 53 ಲಕ್ಷ ಜೂಲ್‌ಗಳಷ್ಟು ಶಕ್ತಿ ಬಿಡುಗಡೆಯಾಗುತ್ತದೆ. ಚಕ್ರಗಳ ಘರ್ಷಣೆಯೂ ಗಾಳಿಯ ತಡೆಯೂ ಅದರಲ್ಲೊಂದು ಪಾಲನ್ನು ತಿನ್ನುವುವು. ಉಳಿದುದನ್ನೆಲ್ಲ ಬ್ರೇಕಾಗಲಿ ಎಂಜಿನ್ನಾಗಲಿ ಶಾಖವಾಗಿ ಪರಿವರ್ತಿಸಲೇಬೇಕು, ಇಲ್ಲವಾದರೆ ಅದು ವೇಗವಾಗಿಯೇ ಉಳಿಯುತ್ತದೆ. ನಾಲ್ಕು ಚಕ್ರಗಳ ಬ್ರೇಕಿನಲ್ಲಿ ಒಟ್ಟು 40 ಕಿಲೋ ಕಬ್ಬಿಣವಿದೆಯೆಂದೂ, ಆ ಶಕ್ತಿಯೆಲ್ಲವೂ ಅದರಲ್ಲಿಯೇ ನಿಂತಿತೆಂದೂ ಭಾವಿಸಿದರೆ, ಅದರ ಉಷ್ಣತೆ 290 ಡಿಗ್ರಿಯಷ್ಟು ಏರಬೇಕು. ಸೇಲಮ್ಮಿನ ಮಗ್ಗುಲಲ್ಲಿರುವ ಏರ್ಕಾಡಿನ ಬೆಟ್ಟದಿಂದ, ಇಪ್ಪತ್ತು ಹೇರ್‌ಪಿನ್ ತಿರುವುಗಳ ದಾರಿಯಲ್ಲಿ, ಸುಮಾರು 1,200 ಮೀಟರು ಇಳಿಯುವ ಅದೇ ಗಾಡಿಯ ಲೆಕ್ಕವಂತೂ ಬೆರಗು ಹುಟ್ಟಿಸುವಂಥದು: ಬಿಡುಗಡೆಯಾಗುವ ಶಕ್ತಿ ಒಂದು ಲೀಟರು ಡೀಸೆಲ್ಲಿನಲ್ಲಿ ಅಡಗಿರುವ ಶಕ್ತಿಗೆ ಹೆಚ್ಚುಕಡಮೆ ಸಮ, ಮತ್ತು ಅದೆಲ್ಲವೂ ಆ 40 ಕಿಲೋ ಕಬ್ಬಿಣದಲ್ಲಿ ಸೆರೆಯಾಗಿದ್ದರೆ ಕಬ್ಬಿಣವೇ ಕಾದು ಕೆಂಡವಾಗುತ್ತಿತ್ತು. ಹಾಗೆ ಕಾಯದಿರುವುದಕ್ಕೆ ಸುತ್ತಲಿನ ಗಾಳಿಯಷ್ಟೇ ಕಾರಣವಲ್ಲ. ಕೆಳಗಿನ ಗೇರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವ ಎಂಜಿನ್ನೂ ಕಾರಣ. ಆ ಸಹಾಯವಿಲ್ಲದೆ ಬರಿಯ ಬ್ರೇಕನ್ನು ತುಳಿಯುತ್ತ ಬಂದರೆ ಲೈನರು ಸುಟ್ಟು ಹಿಡಿತ ಕಳೆದುಕೊಳ್ಳುತ್ತದೆ, ಬಿಸಿಗೆ ಹಿಗ್ಗಿದ ಡ್ರಮ್ಮು ಲೈನರಿನಿಂದ ದೂರ ಸರಿಯುತ್ತದೆ, ಬ್ರೇಕ್ ಆಯಿಲು ಕುದಿದು ಪೆಡಲು ಟೊಳ್ಳಾಗುತ್ತದೆ.

ಡೀಸೆಲು ಉಳಿಸಲೆಂದು ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್ಲಿಗೆ ತಳ್ಳುವ ಪದ್ಧತಿಯನ್ನು ಇಲ್ಲಿ ಪ್ರಸ್ತಾಪಿಸದೆ ಮುಂದೆ ಹೋಗುವಂತಿಲ್ಲ. ತೊಪ್ಪೂರಿನಲ್ಲಿ ಹಾಗೆ ಮಾಡಬಾರದೆಂದು ಪೊಲೀಸರು ಚಾಲಕರಿಗೆ ಹೇಳುತ್ತಲೇ ಬಂದಿದ್ದಾರೆ. ಆ ಉಳಿತಾಯವಾದರೂ ಒಂದು ಭ್ರಮೆ. ಗಾಡಿ ಗೇರಿನಲ್ಲಿದ್ದು, ಕಾಲನ್ನು ಆಕ್ಸಿಲರೇಟರಿನಿಂದ ಸಂಪೂರ್ಣವಾಗಿ ತೆಗೆದಿದ್ದು, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುವಾಗ, ಹಳೆಯ ಡೀಸೆಲ್ ಪಂಪಿನ ಗವರ್ನರ್ ಕೂಡ ಇಂಧನವನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿನಲ್ಲಿಯಾದರೋ ಎಂಜಿನ್ ಆರದಂತೆ ಉಳಿಸಿಕೊಳ್ಳಲು ಡೀಸೆಲು ಸುಡುತ್ತಲೇ ಇರಬೇಕು. ಕಡಿದಾದ ಇಳಿಜಾರಿನಲ್ಲಿ ಹಣವನ್ನೂ ಪ್ರಾಣವನ್ನೂ ಉಳಿಸುವುದು ಗೇರೇ.

ಈಗ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಒಳಗನ್ನು ಹೊಗೋಣ. ಜರ್ಮನಿಯ ಹರ್ಮನ್ ಫಟಿಂಗರ್ ಎಂಬ ಎಂಜಿನಿಯರು, ಹಡಗಿನ ಟರ್ಬೈನಿನ ತೀವ್ರ ವೇಗವನ್ನು ನಿಧಾನವಾದ ಪ್ರೊಪೆಲರಿಗೆ ಹೊಂದಿಸಲೆಂದು, ದ್ರವದ ಮೂಲಕ ಶಕ್ತಿಯನ್ನು ಸಾಗಿಸುವ ಯಂತ್ರಕ್ಕೆ 1905ರಲ್ಲಿ ಹಕ್ಕುಪತ್ರ ಪಡೆದನು. 1939ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆ ಹೊರತಂದ ಹೈಡ್ರಾಮ್ಯಾಟಿಕ್ ಗೇರ್‌ಬಾಕ್ಸಿನಿಂದ ಕ್ಲಚ್ ಪೆಡಲಿಲ್ಲದ ಕಾರುಗಳ ಯುಗ ಮೊದಲಾಯಿತು. ಈಗಿನ ಸಾಮಾನ್ಯ ಆಟೊಮ್ಯಾಟಿಕ್ಕಿನಲ್ಲಿ ಎಂಜಿನ್ನಿಗೂ ಗೇರುಗಳಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಎಣ್ಣೆ ತುಂಬಿದ ಗುಂಡು ಪಾತ್ರೆಯಿರುತ್ತದೆ. ಅಗಲವಾದ ಹಂಡೆಯ ನೀರನ್ನು ಕೈಯಿಂದ ಸುತ್ತಿಸಿದರೆ ಅದರಲ್ಲಿ ಬಿದ್ದ ಎಲೆಯೂ ಸುತ್ತತೊಡಗುವಂತೆ, ಎಂಜಿನ್ನು ತಿರುಗಿಸುವ ರೆಕ್ಕೆಗಳು ಎಣ್ಣೆಯನ್ನೂ, ಎಣ್ಣೆಯು ಎದುರಿನ ರೆಕ್ಕೆಗಳನ್ನೂ ತಿರುಗಿಸುವುವು. ನಡುವಿನಲ್ಲಿರುವ ಸ್ಟೇಟರ್ ಎಂಬ ಮೂರನೆಯ ರೆಕ್ಕೆಚಕ್ರವು ಹಿಂದಿರುಗುವ ಎಣ್ಣೆಯನ್ನು ಎಂಜಿನ್ನಿಗೆ ಅನುಕೂಲವಾದ ದಿಕ್ಕಿಗೆ ಹೊರಳಿಸುವುದರಿಂದ, ಗಾಡಿ ನಿಂತಲ್ಲಿಂದ ಹೊರಡುವಾಗ ತಿರುಗುಬಲ ಸುಮಾರು ಎರಡರಷ್ಟಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇಲ್ಲಿದೆ. ಕ್ಲಚ್ಚಿನ ಪಿಕಪ್ಪಿನ ಮೊದಲನೆಯ ಗೇರು ಎಂಜಿನ್ನಿನ ತಿರುಗುಬಲವನ್ನು ಸುಮಾರು ನಾಲ್ಕರಷ್ಟು ಹೆಚ್ಚಿಸುತ್ತದೆಯೆನ್ನಿ. ಕಾರಿನಿಂದ ಬಂದ ಹಳೆಯ ನಾಲ್ಕು ಗೇರಿನ ಆಟೊಮ್ಯಾಟಿಕ್ಕಿನಲ್ಲಿ ಮೊದಲನೆಯ ಗೇರಿನ ಪ್ರಮಾಣ ಮೂರಕ್ಕೂ ಕಡಮೆ ಇರುವುದು ವಾಡಿಕೆ. ಕನ್ವರ್ಟರ್ ಅದನ್ನು ಎರಡರಿಂದ ಗುಣಿಸುವುದರಿಂದ ಏರಿನಲ್ಲಿ ಈ ಕೊರತೆ ಕಾಣುವುದಿಲ್ಲ, ಬದಲಾಗಿ ಗಾಡಿ ಹಿಂದಿಗಿಂತ ಹಗುರವಾಗಿ ಹೊರಡುತ್ತದೆ. ಆದರೆ ಆ ಗುಣಾಕಾರವು ಎಂಜಿನ್ನು ಚಕ್ರಗಳನ್ನು ನೂಕುವಾಗ ಮಾತ್ರ ನಡೆಯತಕ್ಕದ್ದು. ಇಳಿಜಾರಿನಲ್ಲಿ ಚಕ್ರಗಳೇ ಎಂಜಿನ್ನನ್ನು ನೂಕುವಾಗ ಸ್ಟೇಟರಿನ ಸಹಾಯ ಇಲ್ಲವಾಗಿ, ಬರಿಯ ಗೇರಿನ ಪ್ರಮಾಣವೊಂದೇ ಉಳಿಯುತ್ತದೆ. ಅದರ ಮೇಲೆ ಎಣ್ಣೆಯ ಜಾರುವಿಕೆ ಬೇರೆ. ಏರಿನಲ್ಲಿ ಹೊಗಳಿಸಿಕೊಂಡ ಗೇರ್‌ಬಾಕ್ಸು ಇಳಿತದಲ್ಲಿ ಹಳೆಯದಕ್ಕಿಂತ ದುರ್ಬಲವಾಗಿ ಹಿಡಿಯುವುದು ಹೀಗೆ. ಇದಲ್ಲದೆ, ಇಂತಹ ಅನೇಕ ಗೇರ್‌ಬಾಕ್ಸುಗಳಲ್ಲಿ ಕೋಲು ‘ಡಿ’ಯಲ್ಲಿರುವಾಗ ಮೊದಲನೆಯ ಗೇರು ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ಚಿನ ಮೇಲೆ ನಿಂತಿರುತ್ತದೆ, ಚಕ್ರಗಳು ಮುಂದೋಡಿದರೆ ಅದು ಸೈಕಲ್ಲಿನ ಫ್ರೀವ್ಹೀಲಿನಂತೆಯೇ ಬಿಡುತ್ತದೆ. ಎಂಜಿನ್ನಿನ ಹಿಡಿತ ಬೇಕಾದರೆ ಚಾಲಕನು ಇಳಿಜಾರು ಮೊದಲಾಗುವ ಮುನ್ನವೇ ಕೋಲನ್ನು ‘ಎಲ್’ಗೋ ‘2’ಕ್ಕೋ ಎಳೆಯಬೇಕು.

ಏರಿನಲ್ಲಿಯೂ ಆಟೊಮ್ಯಾಟಿಕ್ಕಿಗೆ ಒಂದು ಶತ್ರುವುಂಟು, ಅದು ಶಾಖ. ಕನ್ವರ್ಟರಿನ ಜಾರುವಿಕೆಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಸೇರುತ್ತದೆ. ಎಣ್ಣೆಯ ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಅದು ಕೆಡುವ ವೇಗ ಸ್ಥೂಲವಾಗಿ ಇಮ್ಮಡಿಸುತ್ತದೆಂಬುದು ರಸಾಯನಶಾಸ್ತ್ರದ ಸಾಮಾನ್ಯ ನಿಯಮ. ಸೇಲಮ್ಮಿನ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಭಾರ ಹೊತ್ತು, ಲಾರಿಗಳ ಸಾಲಿನ ಹಿಂದೆ ನಿಧಾನವಾಗಿ ತೊಪ್ಪೂರನ್ನು ಹತ್ತುವ ಗಾಡಿಗೆ ಪ್ರತ್ಯೇಕವಾದ ಆಯಿಲ್ ಕೂಲರ್ ಅಲಂಕಾರವಲ್ಲ, ಅವಶ್ಯಕತೆ. ಮೊದಲಿನಿಂದಲೂ ಆಟೊಮ್ಯಾಟಿಕ್ಕಾಗಿದ್ದ ಗಾಡಿಗೆ ಬದಲಿ ಹುಡುಕುವವರು ಹಳೆಯ ಕೂಲರನ್ನು ತೊಳೆದರೆ ಸಾಲದು, ಹೊಸದನ್ನೇ ಹಾಕಬೇಕು: ಸತ್ತ ಗೇರ್‌ಬಾಕ್ಸಿನ ಲೋಹದ ಪುಡಿ ಅದರ ಸಣ್ಣ ನಾಳಗಳಲ್ಲಿ ಕುಳಿತಿದ್ದು ಹೊಸದನ್ನೂ ಕೊಲ್ಲಬಲ್ಲುದು.

ಉಳಿದ ಹೊಂದಾಣಿಕೆಗಳನ್ನು ಅನುಭವಿ ಮೆಕ್ಯಾನಿಕ್ಕನು ನೋಡಿಯೇ ಹೇಳುವನು: ಬೆಲ್ ಹೌಸಿಂಗಿನ ಬೋಲ್ಟುಗಳ ಸ್ಥಾನ, ಶಾಫ್ಟಿನ ಹಲ್ಲುಗಳು, ಪ್ರೊಪೆಲರ್ ಶಾಫ್ಟಿನ ಉದ್ದ, ಸ್ಪೀಡೋಮೀಟರಿನ ಕೇಬಲ್ಲು. ಗೇರಿನ ಪ್ರಮಾಣವನ್ನೂ ಹಿಂದಿನ ಆಕ್ಸಲಿನ ಕ್ರೌನ್ ಪಿನಿಯನ್ನಿನ ಪ್ರಮಾಣವನ್ನೂ ಗುಣಿಸಿ ಬಂದ ಸಂಖ್ಯೆಯನ್ನು ಮಾತ್ರ ಮಾಲೀಕನೇ ಕೇಳಿ ತಿಳಿಯಬೇಕು. ಅದು ಹಳೆಯದಕ್ಕಿಂತ ಕಡಮೆಯಾದರೆ ಇಳಿಜಾರಿನ ಹಿಡಿತವೂ ಅದೇ ಪ್ರಮಾಣದಲ್ಲಿ ಕಡಮೆಯಾಯಿತೆಂದೇ ಅರ್ಥ. ನೋಂದಣಿ ಪತ್ರದ ವಿವರಗಳು ತಯಾರಕನು ನಿಗದಿಪಡಿಸಿದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ವಿಧಿಸುವುದರಿಂದ, ಬೇರೆ ಜಾತಿಯ ಗೇರ್‌ಬಾಕ್ಸನ್ನು ಕೂಡಿಸಹೊರಟವರು ಮುಂಗಡ ಕೊಡುವ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಲೇಸು.

ನನ್ನ ತೀರ್ಮಾನ ಹೀಗಿದೆ. ಕ್ಲಚ್ಚಿನೊಡನೆ ಹುಟ್ಟಿ, ಸರಕು ಹೊತ್ತು ತೊಪ್ಪೂರನ್ನೋ ಏರ್ಕಾಡನ್ನೋ ಇಳಿಯಬೇಕಾದ ಹಳೆಯ ಪಿಕಪ್ಪಿಗೆ ಅದೇ ಮಾದರಿಯ ಗೇರ್‌ಬಾಕ್ಸನ್ನು, ಹೊಸ ಬೇರಿಂಗು, ಹೊಸ ಸಿಂಕ್ರೊನೈಸರ್ ರಿಂಗುಗಳನ್ನು ಹಾಕಿಸಿ, ಪುನಃ ಕೂಡಿಸುವುದೇ ಯೋಗ್ಯ. ಕ್ಲಚ್ಚು ತುಳಿಯಲಾರದವರು ಹಳೆಯ ಗಾಡಿಯನ್ನು ತಿದ್ದುವುದಕ್ಕಿಂತ, ತಯಾರಕನೇ ಆಟೊಮ್ಯಾಟಿಕ್ಕಾಗಿ ರೂಪಿಸಿದ ಗಾಡಿಯನ್ನು ಕೊಳ್ಳಲಿ.