ತೊಡೆಗೆ ಕರೆಂಟು: ಐಸಿಯು ಬಾಗಿಲಲ್ಲಿ ಕಾಯುವವರಿಗೆ

“ಒಳಗೆ ನಮ್ಮ ಯಜಮಾನ್ರಿಗೆ ಕರೆಂಟು ಕೊಡ್ತಾರಂತೆ!” ಐಸಿಯು ಬಾಗಿಲಲ್ಲಿ ಕಾದು ಕೂತ ಹೆಂಗಸಿನ ಕಿವಿಗೆ ಇಷ್ಟು ಬಿದ್ದರೆ ಸಾಕು, ಎದೆ ಧಸಕ್ ಅನ್ನುತ್ತದೆ. ನಮ್ಮೂರಿನಲ್ಲಿ ಕರೆಂಟು ಕೊಡೋದು ಅಂದರೆ ಮೊದಲು ನೆನಪಾಗುವುದು ಹೊಸೂರು ರಸ್ತೆಯ ನಿಮ್ಹಾನ್ಸ್. ತಲೆಗೆ ಕೊಡುವ ಆ ಚಿಕಿತ್ಸೆ ಬೇರೆ. ಅದನ್ನೂ ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಎದೆಬಡಿತ ಹಳಿ ತಪ್ಪಿದಾಗ ಕೊಡುವ ಶಾಕ್ ಇನ್ನೂ ಬೇರೆ. ಫಿಸಿಯೋದವರು ತೊಡೆಗೆ ಕೊಡುವುದು ಇವೆರಡೂ ಅಲ್ಲ ಸ್ವಾಮಿ.

ವೆಂಟಿಲೇಟರ್ ಮೇಲೆ ಮಲಗಿದವನ ಕಾಲು ಎಷ್ಟು ಬೇಗ ಕರಗುತ್ತದೆ ಗೊತ್ತೆ? 2013ರಲ್ಲಿ ಲಂಡನ್ನಿನ ವೈದ್ಯರು 63 ರೋಗಿಗಳ ತೊಡೆಯನ್ನು ಸ್ಕ್ಯಾನ್ ಮಾಡಿ ಅಳೆದರು. ಹತ್ತೇ ದಿನದಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರ ಸರಾಸರಿ ನೂರಕ್ಕೆ 17ರ ಮೇಲೆ ಇಳಿದಿತ್ತು! ಪ್ರಾಣ ಉಳೀತು, ಮನೆಗೂ ಬಂದರು, ಆದರೆ ಬಚ್ಚಲಿಗೆ ಹೋಗಲು ಇಬ್ಬರು ಹಿಡಿಯಬೇಕು.

ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಮುಂದೆ ಕೂರುವವರಿಗಾದರೆ ಮನೆಯಿಂದಲೇ ಕೆಲಸ ಮಾಡುವ ದಾರಿ ಉಂಟು. ಪೀಣ್ಯದಲ್ಲಿ ಪಾಳಿ ಪೂರ್ತಿ ಲೇತ್ ಮುಂದೆ ನಿಲ್ಲುವವನಿಗೆ ಕಾಲೇ ಬಂಡವಾಳ. ಇಎಸ್‌ಐನಲ್ಲಿ ಕಾಯಿಲೆಗೆ ಸಿಗುವುದು ಕೂಲಿಯ ನೂರಕ್ಕೆ 70, ಅದೂ ಸಾಮಾನ್ಯವಾಗಿ ವರ್ಷಕ್ಕೆ 91 ದಿನದವರೆಗೆ. 92ನೇ ದಿನವೂ ಕಾಲು ನಡುಗುತ್ತಿದ್ದರೆ?

ಅದಕ್ಕೇ ಈ ಪೆಟ್ಟಿಗೆ. ತೊಡೆಯ ಮೇಲೆ ಅಂಟಿನ ಪ್ಯಾಡ್ ಹಚ್ಚಿ, ಸಣ್ಣ ಸಣ್ಣ ವಿದ್ಯುತ್ ಮಿಡಿತ ಬಿಡುತ್ತಾರೆ. ನರ ಎಚ್ಚೆತ್ತು ಸ್ನಾಯುವನ್ನು ಬಿಗಿಯುತ್ತದೆ, ಕೆಲವು ಸೆಕೆಂಡು ಬಿಟ್ಟು ಸಡಿಲಿಸುತ್ತದೆ. ದಿನಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ. ರೋಗಿಗೆ ಜ್ಞಾನ ಇಲ್ಲದಿದ್ದರೂ ಕಾಲು ತನ್ನ ಪಾಡಿಗೆ ಕಸರತ್ತು ಮಾಡುತ್ತದೆ. ತತ್ವ ಹಳೆಯದು: ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಸೆಳೆಯುತ್ತದೆಂದು ಇಟಲಿಯ ಗಾಲ್ವಾನಿ 1791ರಲ್ಲೇ ಪ್ರಕಟಿಸಿದ್ದ.

ಆದರೆ ಇದು ಮಂತ್ರದ ಪೆಟ್ಟಿಗೆ ಅಲ್ಲ. ಕೆಲವು ಪ್ರಯೋಗಗಳಲ್ಲಿ ಸ್ನಾಯು ಉಳಿದಿದೆ, ಕೆಲವದರಲ್ಲಿ ಏನೂ ವ್ಯತ್ಯಾಸ ಕಂಡಿಲ್ಲ. ಮೈಯೆಲ್ಲ ನೀರು ತುಂಬಿ ಊದಿದವರಲ್ಲಿ, ಸೋಂಕು ರಕ್ತಕ್ಕೆ ಏರಿದವರಲ್ಲಿ, ಎಷ್ಟು ಕೊಟ್ಟರೂ ತೊಡೆ ಅಲ್ಲಾಡದೇ ಇರುವುದುಂಟು. ಪೆಟ್ಟಿಗೆ ಎಲ್ಲ ಐಸಿಯುನಲ್ಲೂ ಇರುವುದಿಲ್ಲ. ಇಲ್ಲವೆಂದು ಕೊರಗಬೇಕಾಗಿಲ್ಲ. ಕೈಕಾಲು ಮಡಿಸಿ ಬಿಡಿಸುವುದು, ಮಂಚದ ಅಂಚಿಗೆ ಕೂರಿಸುವುದು, ಹಿಡಿದು ನಿಲ್ಲಿಸುವುದು: ಫಿಸಿಯೋದವರ ಮುಖ್ಯ ಕೆಲಸ ಇದೇ. ಬಿಲ್ಲಿನಲ್ಲಿ ‘ಫಿಸಿಯೋ’ ಎಂಬ ಸಾಲು ಕಂಡು ಮೂಗು ಮುರಿಯುವವರು, “ಇವತ್ತು ನಮ್ಮೋರನ್ನ ಕೂರಿಸಿದ್ರಾ?” ಎಂದು ಕೇಳುವುದು ವಾಸಿ. (ಹೊಟ್ಟೆ ಕರಗಿಸುತ್ತೆ ಅಂತ ಮಾರುವ ಕರೆಂಟು ಬೆಲ್ಟನ್ನು ತಂದು ರೋಗಿಗೆ ಕಟ್ಟುವ ಸಾಹಸ ಮಾತ್ರ ಬೇಡ!)

ರೋಗಿಗೆ ಪೇಸ್‌ಮೇಕರ್ ಇದ್ದರೆ, ಹಿಂದೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ತೊಡೆಗೆ ಪ್ಯಾಡ್ ಹಚ್ಚುವ ಮೊದಲೇ ಬಾಯಿಬಿಟ್ಟು ಹೇಳಿ. ಒಳಗೆ ಮಲಗಿದವರು ಹೇಳುವ ಸ್ಥಿತಿಯಲ್ಲಿ ಇರುವುದಿಲ್ಲವಲ್ಲ.